ಶರೀಫರ ಪದಕ್ಕೆ ಮ್ಯೂಸಿಕ್ ವಿಡಿಯೋ: ಕೈಯಲ್ಲಿ 18 ಸಾವಿರ, ಎರಡು ದಿನ. ಎಲ್ಲಿಂದ ಶುರು ಮಾಡೋದು?

ನೀಲಿ_ಸೈಕಲ್

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದಲ್ಲಿ ಪತ್ರಿಕೋದ್ಯಮ ಓದುತ್ತಿದ್ದೇನೆ, ಡಿಗ್ರಿ ಕೊನೆಯ ವರ್ಷ. ಈ ಸಲ ಪ್ರಾಜೆಕ್ಟ್‌ಗೆ ಮ್ಯೂಸಿಕ್ ವಿಡಿಯೋ ಮಾಡಬೇಕು. ನಾವು ಆರು ಜನ ಇದ್ದೇವೆ. ತಲಾ ಮೂರು ಸಾವಿರ ಹಾಕಿ 18 ಸಾವಿರ ಮಾಡಿಕೊಂಡಿದ್ದೇವೆ, ಅದಕ್ಕಿಂತ ಜಾಸ್ತಿ ಹುಟ್ಟುವುದಿಲ್ಲ.

ಹಾಡು ಶಿಶುನಾಳ ಶರೀಫರ ಪದ, ಅದೇ ಮನೆ ಸೋರುವ ಪದ, ಎಲ್ಲರಿಗೂ ಗೊತ್ತು. ನಮ್ಮ ಗೆಳತಿಯೊಬ್ಬಳು ಹಾಡುತ್ತಾಳೆ, ಅವರಪ್ಪ ಭಜನಾ ಮೇಳದವರು, ಏಕತಾರಿ ದಮ್ಮಡಿ ಎಲ್ಲ ಮನೆಯಲ್ಲೇ ಇದೆ. ಇನ್ನೊಬ್ಬ ಗಿಟಾರ್ ನುಡಿಸುತ್ತಾನೆ. ಕ್ಯಾಸೆಟ್‌ನಲ್ಲಿ ಕೇಳುತ್ತಿದ್ದ ಧಾಟಿಯಲ್ಲೇ ಇಟ್ಟುಕೊಂಡು ಸ್ವಲ್ಪ ರಾಕ್ ಥರ ಮಾಡಿದ್ದೇವೆ, 4 ನಿಮಿಷ 10 ಸೆಕೆಂಡ್ ಇದೆ. ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಟ್ಟಿದ್ದೇವೆ. ಆಮೇಲೆ ಸ್ಟುಡಿಯೋದಲ್ಲಿ ಸರಿಯಾಗಿ ಮಾಡಿಸೋಣ ಅಂತ.

ಸಾಮಾನು: ವಿಭಾಗದ ಒಂದು ಹಳೇ ಡಿಎಸ್‌ಎಲ್‌ಆರ್, ಒಂದು ಟ್ರೈಪಾಡ್, ಎರಡು ಒಳ್ಳೆ ಫೋನ್. ಒಬ್ಬ ಹುಡುಗನ ಅಣ್ಣನ ಹತ್ತಿರ ಡ್ರೋನ್ ಇದೆ.

ಲೊಕೇಶನ್ ಯೋಚನೆ ಹೀಗಿದೆ. ಹುಬ್ಬಳ್ಳಿ ಸ್ಟೇಷನ್‌ನ ಆ ಉದ್ದದ ಪ್ಲಾಟ್‌ಫಾರ್ಮ್ (1,507 ಮೀಟರ್, ಪ್ರಪಂಚದಲ್ಲೇ ಉದ್ದ!) ಮೇಲೆ ಅವಳು ಏಕತಾರಿ ಹಿಡಿದು ನಡೆಯುತ್ತಾ ಬರಬೇಕು. ಆಮೇಲೆ ಉಣಕಲ್‌ನ ಚಂದ್ರಮೌಳೇಶ್ವರ ಗುಡಿ, ಉಣಕಲ್ ಕೆರೆ ಮೇಲೆ ಡ್ರೋನ್ ಶಾಟ್, ಕೊನೆಗೆ ಧಾರವಾಡದ ಸಾಧನಕೇರಿ ಕೆರೆ. ಸಂಕ್ರಾಂತಿ ಮುಗಿದ ಮೇಲೆ ಶನಿವಾರ, ಭಾನುವಾರ ಶೂಟಿಂಗ್.

ನಮ್ಮ ಮೇಷ್ಟ್ರು ಅದಕ್ಕೂ ಮುಂಚೆ ಸ್ಟೋರಿಬೋರ್ಡ್, ಶಾಟ್ ಲಿಸ್ಟ್, ಕಾಲ್ ಶೀಟ್ (ದೃಶ್ಯಗಳ ಚಿತ್ರ, ಶಾಟ್‌ಗಳ ಪಟ್ಟಿ, ಯಾರು ಎಷ್ಟು ಹೊತ್ತಿಗೆ ಎಲ್ಲಿರಬೇಕು ಅನ್ನುವ ವೇಳಾಪಟ್ಟಿ) ಎಲ್ಲ ಫೈಲ್ ಮಾಡಿ ಕೊಡಿ ಅಂದಿದ್ದಾರೆ. ನಿಜ ಹೇಳಬೇಕಂದರೆ ಅದು ಸುಮ್ನೆ ಮಾರ್ಕ್ಸ್‌ಗೆ ಅನ್ನಿಸುತ್ತಿದೆ. ನಮ್ಮಲ್ಲಿ ಯಾರಿಗೂ ಚಿತ್ರ ಬಿಡಿಸಲು ಬರುವುದಿಲ್ಲ. ಮಾಡಿದವರು ಯಾರಾದರೂ ಇದ್ದರೆ ಹೇಳಿ, ಎಲ್ಲಿಂದ ಶುರು ಮಾಡಬೇಕು?

---

ಹರಿದ_ಚಪ್ಪಲಿ

ತಂಗಿ, ಮೊದಲು ಹಾಡು ಮುಗಿಸು. ಕ್ಯಾಮೆರಾ, ಪ್ಲಾಟ್‌ಫಾರ್ಮ್, ಡ್ರೋನ್ ಎಲ್ಲ ಆಮೇಲೆ. "ಆಮೇಲೆ ಸ್ಟುಡಿಯೋದಲ್ಲಿ ಮಾಡಿಸೋಣ" ಅಂದಿದ್ದೀಯಲ್ಲ, ಆ ಒಂದು ಮಾತು ಓದಿ ನನಗೆ ಹೊಟ್ಟೆಯಲ್ಲಿ ಕಲಸಿದಂತಾಯಿತು, ಯಾಕೆಂದರೆ ಎಂಟು ವರ್ಷದ ಹಿಂದೆ ನಾವೂ ಇದನ್ನೇ ಮಾಡಿ ಕೆಟ್ಟಿದ್ದೇವೆ.

ನಮ್ಮದೂ ಮೊಬೈಲ್ ರೆಕಾರ್ಡಿಂಗ್ ಹಾಕಿಕೊಂಡು ಶೂಟ್ ಮಾಡಿದ್ದು. ಆಮೇಲೆ ಸ್ಟುಡಿಯೋಗೆ ಹೋದಾಗ ತಬಲಾದವನು "ಸ್ವಲ್ಪ ಎತ್ತರಿಸೋಣ, ಹಾಡು ಮಲಗಿದೆ" ಅಂದ. ನಿಮಿಷಕ್ಕೆ 96 ಬೀಟ್ ಇದ್ದದ್ದು 98 ಆಯಿತು. ಎರಡೇ ಬೀಟ್ ಅಲ್ವಾ ಅಂದುಕೊಂಡೆವು. ನಾಲ್ಕು ನಿಮಿಷದ ಹಾಡು ಐದು ಸೆಕೆಂಡ್ ಕಡಿಮೆಯಾಗಿತ್ತು. ಮೊದಲ ಸಾಲಿಗೆ ಬಾಯಿ ಸರಿ ಕೂಡುತ್ತದೆ, ಎರಡನೇ ಚರಣದ ಹೊತ್ತಿಗೆ ಹುಡುಗ ಬಾಯಿ ತೆರೆಯುವಷ್ಟರಲ್ಲಿ ಮಾತು ಮುಗಿದಿರುತ್ತದೆ. ತುಂಡು ತುಂಡು ಮಾಡಿ ಎಳೆದು ಕೂಡಿಸಿದೆವು, ಮೂರು ರಾತ್ರಿ ನಿದ್ದೆ ಇಲ್ಲ. ಪ್ರದರ್ಶನದ ದಿನ ಹಿಂದಿನ ಬೆಂಚಿನವರು ನಕ್ಕರು.

ಹಾಗಾಗಿ ಸ್ಟುಡಿಯೋ ಖರ್ಚು ಮೊದಲು ಮಾಡಿ. ಅಂತಿಮ ಮಿಕ್ಸ್ ಆಗದಿದ್ದರೂ ಪರವಾಗಿಲ್ಲ, ಗಾಯನ, ವೇಗ, ಉದ್ದ, ಈ ಮೂರು ಗಟ್ಟಿಯಾಗಬೇಕು. ಆಮೇಲೆ ಯಾರೂ ಮುಟ್ಟಬಾರದು.

ಸ್ಟೋರಿಬೋರ್ಡ್‌ಗೆ ಚಿತ್ರ ಬರಬೇಕಂತಿಲ್ಲ, ಕಡ್ಡಿ ಮನುಷ್ಯ ಬರೆದರೂ ಸಾಕು. ಅದಕ್ಕಿಂತ ಒಳ್ಳೆಯದು ಲೊಕೇಶನ್‌ಗೆ ಹೋಗಿ ನಿಮ್ಮಲ್ಲೇ ಒಬ್ಬರನ್ನು ನಿಲ್ಲಿಸಿ ಫೋನ್‌ನಲ್ಲಿ ಫೋಟೋ ತೆಗೆಯುವುದು. ಆ ಫೋಟೋಗಳನ್ನು ಎಡಿಟಿಂಗ್ ಆ್ಯಪ್‌ನಲ್ಲಿ ಹಾಡಿನ ಮೇಲೆ ಸಾಲಾಗಿ ಜೋಡಿಸಿ ನೋಡಿ. ಎಲ್ಲಿ ಬೋರ್ ಹೊಡೆಯುತ್ತದೆ ಅಂತ ಅಲ್ಲೇ ಗೊತ್ತಾಗುತ್ತದೆ, ಒಂದು ರೂಪಾಯಿ ಖರ್ಚಿಲ್ಲದೆ.

ಇನ್ನು ಶಾಟ್ ಲಿಸ್ಟ್. ಒಂದು ಉದ್ದದ ಹಾಳೆ ತಗೊಂಡು ಹಾಡಿನ ಒಂದೊಂದು ಸಾಲಿಗೂ ಒಂದು ಖಾನೆ ಮಾಡಿ. ಎಷ್ಟನೇ ಸೆಕೆಂಡಿಗೆ ಶುರು, ಏನು ಕಾಣಬೇಕು, ಎಲ್ಲಿ, ಯಾರು ಇರಬೇಕು, ಏನೇನು ಸಾಮಾನು ಬೇಕು. ವಾದ್ಯ ಮಾತ್ರ ಬರುವ ಜಾಗವನ್ನೂ ಬಿಡಬೇಡಿ, ಎಲ್ಲರೂ ಮರೆಯುವುದು ಅದನ್ನೇ. ನಿಮ್ಮ ಹಾಡು 250 ಸೆಕೆಂಡ್. ತತ್ವಪದ ನಿಧಾನದ್ದು, ಒಂದೊಂದು ಶಾಟ್ ಐದು ಸೆಕೆಂಡ್ ನಿಂತರೂ 50 ಶಾಟ್ ಬೇಕು. ದಿನಕ್ಕೆ 25. ಒಂದೊಂದಕ್ಕೆ ಇಪ್ಪತ್ತು ನಿಮಿಷ ಅಂದರೂ ಎಂಟು ಗಂಟೆ ದಾಟಿತು, ಊಟ ಬಿಟ್ಟು, ಹುಬ್ಬಳ್ಳಿ ಧಾರವಾಡದ ಓಡಾಟ ಬಿಟ್ಟು. ಇದರಲ್ಲಿ ನಾಲ್ಕು ಲೊಕೇಶನ್ ಹೇಗೆ ಹಿಡಿಸುತ್ತೀರಿ? ನೀವೇ ಹೇಳಿ.

---

ಕಪ್ಪು_ಕೋಟು

ವಕೀಲ ಅಲ್ಲ, ಹೆಸರು ಹಾಗಿದೆ ಅಷ್ಟೇ. ಆದರೆ ಕಾಪಿರೈಟ್ ಹಕ್ಕಿನ ವಿಷಯ ಯಾರೂ ಎತ್ತಲಿಲ್ಲ ಅಂತ ಬರೆಯುತ್ತಿದ್ದೇನೆ.

ಶರೀಫರು ತೀರಿಕೊಂಡದ್ದು 1889ರಲ್ಲಿ. ನಮ್ಮ ಕಾಯಿದೆ ಪ್ರಕಾರ ಬರೆದವರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಇರುತ್ತದೆ. ಹಾಗಾಗಿ ಪದದ ಸಾಹಿತ್ಯ ಯಾರಪ್ಪನ ಆಸ್ತಿಯೂ ಅಲ್ಲ, ಧಾರಾಳವಾಗಿ ಹಾಡಿ. ಆದರೆ ಕ್ಯಾಸೆಟ್‌ನ ಧಾಟಿ ಬೇರೆ ವಿಷಯ. ಎಲ್ಲರ ಕಿವಿಯಲ್ಲಿ ಕೂತಿರುವ ಧಾಟಿ ಸಿ. ಅಶ್ವಥ್ ಅವರದ್ದಾದರೆ, ಅವರು ತೀರಿಕೊಂಡದ್ದು 2009ರಲ್ಲಿ, ಲೆಕ್ಕ ಹಾಕಿ, ಇನ್ನೂ ಎಷ್ಟೋ ವರ್ಷ ಇದೆ. ಜನ ಇದನ್ನು ಜಾನಪದ ಅಂದುಕೊಂಡು ಸಿಕ್ಕಿಬೀಳುತ್ತಾರೆ. ತರಗತಿಯಲ್ಲಿ ಮೇಷ್ಟ್ರಿಗೆ ತೋರಿಸಿದರೆ ಯಾರೂ ಕೇಳುವುದಿಲ್ಲ, ಯೂಟ್ಯೂಬ್‌ಗೆ ಹಾಕಿದಿರೋ ಬೇರೆಯವರ ಹಾಡು ಪತ್ತೆ ಮಾಡುವ ಅವರ ಕಂಟೆಂಟ್ ಐಡಿ ವ್ಯವಸ್ಥೆ ಹಿಡಿಯಬಹುದು, ಅದು ರೆಕಾರ್ಡಿಂಗ್ ಅಷ್ಟೇ ಅಲ್ಲ, ಧಾಟಿಯನ್ನೂ ಗುರುತು ಹಿಡಿಯುತ್ತದೆ.

ದಾರಿ ಇದೆ. ಗೆಳತಿಯ ಅಪ್ಪ ಭಜನಾ ಮೇಳದವರು ಅಂದಿರಲ್ಲ. ಅವರ ಮೇಳದಲ್ಲಿ ಹಿಂದಿನಿಂದ ಹೇಳಿಕೊಂಡು ಬಂದ ಮಟ್ಟು ಇರುತ್ತದೆ, ಅದು ಕ್ಯಾಸೆಟ್ಟಿನದಕ್ಕಿಂತ ಬೇರೆಯೇ ಇರಬಹುದು. ಕೇಳಿ ನೋಡಿ. ಇಲ್ಲವೇ ನೀವೇ ಹೊಸ ಮಟ್ಟು ಕಟ್ಟಿ.

ಜಾಗದ ಬಗ್ಗೆ. ಸ್ಟೇಷನ್‌ನಲ್ಲಿ ಶೂಟಿಂಗ್‌ಗೆ ರೈಲ್ವೆಯವರ ಅನುಮತಿ ಬೇಕು, ಶುಲ್ಕವೂ ಇದೆ. ಹುಬ್ಬಳ್ಳಿಯಲ್ಲೇ ವಲಯ ಕಚೇರಿ ಇರುವುದರಿಂದ ಅರ್ಜಿ ಕೊಡುವುದು ಸುಲಭ, ಕೈಗೆ ಬರುವ ದಿನ ಮಾತ್ರ ನಿಮ್ಮ ಕೈಯಲ್ಲಿಲ್ಲ. ಟ್ರ್ಯಾಕ್ ಮೇಲೆ ಇಳಿಯುವ ಯೋಚನೆ ಇದ್ದರೆ ಈಗಲೇ ಬಿಡಿ, ರೈಲ್ವೆ ಕಾಯಿದೆಯಲ್ಲಿ ಅದಕ್ಕೆ ಆರು ತಿಂಗಳವರೆಗೆ ಜೈಲಿದೆ. ಉಣಕಲ್ ಗುಡಿ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕ. ಫೋನ್‌ನಲ್ಲಿ ಫೋಟೋ ತೆಗೆದರೆ ಸುಮ್ಮನಿರುತ್ತಾರೆ, ಟ್ರೈಪಾಡ್ ಇಟ್ಟು ಹಾಡು ಹಾಕಿದರೆ ಸುಮ್ಮನಿರುವುದಿಲ್ಲ. ಡ್ರೋನ್ ಅಂತೂ ಮರೆತುಬಿಡಿ. ಉಣಕಲ್‌ಗೆ ವಿಮಾನ ನಿಲ್ದಾಣ ಹತ್ತಿರ. 250 ಗ್ರಾಮಿನೊಳಗಿನ ಪುಟ್ಟ ಡ್ರೋನ್‌ಗೆ ಪೈಲಟ್ ಸರ್ಟಿಫಿಕೇಟ್ ಬೇಡ ಅನ್ನುವುದು ನಿಜ, ಹಾಗಂತ ಎಲ್ಲಿ ಬೇಕಾದರೂ ಹಾರಿಸಬಹುದು ಅಂತಲ್ಲ. ಡಿಜಿಟಲ್ ಸ್ಕೈ ಅನ್ನುವ ಸರ್ಕಾರದ ಡ್ರೋನ್ ನಕ್ಷೆ ತೆಗೆದು ನಿಮ್ಮ ಜಾಗದ ಬಣ್ಣ ನೋಡಿ, ಹಾರಿಸಬಹುದೋ ಇಲ್ಲವೋ ಅದೇ ಹೇಳುತ್ತದೆ.

---

ಮುಸುರೆ_ಗಾಡಿ

ಎಲ್ಲರೂ ಅನುಮತಿ, ಬೀಟ್ ಅಂತ ಬರೆಯುತ್ತಿದ್ದೀರಿ. ನಾನೊಂದು ದಡ್ಡ ಪ್ರಶ್ನೆ ಕೇಳುತ್ತೇನೆ. ಪದ ಇರುವುದು ಸೋರುವ ಮನೆ ಬಗ್ಗೆ. ವಿಡಿಯೋದಲ್ಲಿ ಪ್ಲಾಟ್‌ಫಾರ್ಮ್ ಇದೆ, ಗುಡಿ ಇದೆ, ಕೆರೆ ಇದೆ, ಇನ್ನೊಂದು ಕೆರೆ ಇದೆ. ಮನೆ ಎಲ್ಲಿ?

---

ನೀಲಿ_ಸೈಕಲ್

ಮುಸುರೆ ಗಾಡಿಯವರೇ, ನಿಮ್ಮ ಪ್ರಶ್ನೆಯನ್ನು ಗುಂಪಿನಲ್ಲಿ ಓದಿ ಹೇಳಿದೆ. ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಡ್ರೋನ್ ಹುಡುಗ ಸಿಟ್ಟು ಮಾಡಿಕೊಂಡು ಎದ್ದು ಹೋದ, ಸಂಜೆ ವಾಪಸ್ ಬಂದ.

ಧಾರವಾಡದಿಂದ ಹದಿನೈದು ಕಿಲೋಮೀಟರ್ ದೂರದ ಹಳ್ಳಿಯಲ್ಲಿ ನಮ್ಮ ಅಜ್ಜಿ ಮನೆ ಇದೆ. ಮಣ್ಣಿನ ಮಾಳಿಗೆ, ಮರದ ಕಂಬ, ನಡುವೆ ಬೆಳಕಿಂಡಿ. ಈಗ ಅಲ್ಲಿ ಯಾರೂ ಇಲ್ಲ, ಕಾಳಿನ ಚೀಲ ಇಟ್ಟಿದ್ದಾರೆ. ಎರಡೂ ದಿನ ಅಲ್ಲೇ ಮಾಡೋಣ ಅಂತ ತೀರ್ಮಾನ ಆಗಿದೆ. ಮಟ್ಟಿನ ಬಗ್ಗೆಯೂ ಕೇಳಿದೆವು. ಕಪ್ಪು ಕೋಟು ಹೇಳಿದ್ದು ನಿಜ, ಗೆಳತಿಯ ಅಪ್ಪ ಹೇಳುವ ಮಟ್ಟೇ ಬೇರೆ, ಇನ್ನೂ ನಿಧಾನ. ಗಿಟಾರ್‌ನವನಿಗೆ ಮೊದಲು ಇಷ್ಟ ಆಗಲಿಲ್ಲ, ಈಗ ಅದನ್ನೇ ಗುನುಗುತ್ತಿದ್ದಾನೆ.

ಈಗ ಹೊಸ ತಲೆನೋವು. ಜನವರಿಯಲ್ಲಿ ಮಳೆ ಎಲ್ಲಿಂದ ತರೋಣ? ಮಾಳಿಗೆ ಮೇಲೆ ಕೊಡದಿಂದ ನೀರು ಹಾಕಿದರೆ ಆಗುತ್ತಾ? ಮತ್ತೆ ಹಾಡಿಗೆ ಬಾಯಿ ಕೂಡಿಸುವುದು ಹೇಗೆ? ಸ್ಲೋ ಮೋಷನ್‌ನಲ್ಲೂ ಹಾಡಬೇಕು ಅಂತ ಒಬ್ಬನ ಹಟ.

---

ಎರಡನೇ_ಅಸಿಸ್ಟೆಂಟ್

ಅಯ್ಯೋ, ಮಾಳಿಗೆ ಮೇಲೆ ನೀರು ಹಾಕಬೇಡಿ! ಮಣ್ಣಿನ ಮಾಳಿಗೆ, ನಿಜವಾಗಿಯೂ ಸೋರಿ ನಿಮ್ಮ ಅಜ್ಜಿಯ ಕಾಳಿನ ಚೀಲ ಹಾಳಾಗುತ್ತದೆ, ತೊಲೆ ಹಳೆಯದಿದ್ದರೆ ಇನ್ನೂ ಅಪಾಯ. ನಾನು ಬೆಂಗಳೂರಿನಲ್ಲಿ ಕ್ಯಾಮೆರಾ ಅಸಿಸ್ಟೆಂಟ್, ಹಾಡಿನ ಸೆಟ್‌ಗಳಲ್ಲಿ ಮೈ ಒದ್ದೆ ಮಾಡಿಕೊಂಡು ಗೊತ್ತು, ಹೇಳುತ್ತೇನೆ ಕೇಳಿ.

ಸೋರುವ ಮನೆ ತೋರಿಸಲು ಮಳೆ ಬೇಡ. ಹನಿ ಸಾಕು. ಅರ್ಧ ಇಂಚಿನ ಪಿವಿಸಿ ಪೈಪ್ ಎರಡು ಮೂರು ಅಡಿ, ಕಾಯಿಸಿದ ದಬ್ಬಣದಿಂದ ಐದಾರು ತೂತು, ಒಂದು ತುದಿ ಮುಚ್ಚಿ ಇನ್ನೊಂದು ತುದಿಗೆ ಬಕೆಟ್‌ನಿಂದ ಟ್ಯೂಬ್. ತೊಲೆಗೆ ಹಗ್ಗದಿಂದ ಕಟ್ಟಿ, ಫ್ರೇಮಿನ ಮೇಲೆ ಕಾಣದ ಹಾಗೆ. ಕೆಳಗೆ ಹಿತ್ತಾಳೆ ತಂಬಿಗೆ ಒಂದು, ಅಲ್ಯೂಮಿನಿಯಂ ಪಾತ್ರೆ ಒಂದು, ಪ್ಲಾಸ್ಟಿಕ್ ಕೊಡ ಒಂದು. ಮೂರರ ಸದ್ದೂ ಬೇರೆ ಬೇರೆ, ಅದನ್ನು ಬೇರೆಯಾಗಿ ರೆಕಾರ್ಡ್ ಮಾಡಿಟ್ಟುಕೊಳ್ಳಿ, ಹಾಡು ಶುರುವಾಗುವ ಮುಂಚೆ ಅದೇ ತಾಳ ಆಗಬಹುದು.

ನೀರಿನ ಗುಟ್ಟು ಏನೆಂದರೆ ಬೆಳಕು ಹಿಂದಿನಿಂದ ಬರಬೇಕು. ಮುಂದಿನಿಂದ ಲೈಟ್ ಹೊಡೆದರೆ ಎಷ್ಟು ಸುರಿದರೂ ಹನಿ ಕಾಣುವುದಿಲ್ಲ. ನಿಮ್ಮ ಬೆಳಕಿಂಡಿ ಕ್ಯಾಮೆರಾಕ್ಕೆ ಎದುರು ಇರಲಿ, ಹನಿ ನಡುವೆ ಬೀಳಲಿ, ಹಿಂದಿನ ಗೋಡೆ ಕತ್ತಲಿರಲಿ. ಆಗ ಒಂದೊಂದು ಹನಿಯೂ ಗಾಜಿನ ಮಣಿ ಥರ ಹೊಳೆಯುತ್ತದೆ. ಮುಖ ಕಪ್ಪಾದರೆ ಮುಂದೆ ಒಂದು ಬಿಳೀ ಥರ್ಮಾಕೋಲ್ ಹಿಡಿಯಿರಿ, ಸ್ಟೇಷನರಿ ಅಂಗಡಿಯಲ್ಲಿ ಸಿಗುತ್ತದೆ, ನಮ್ಮ ದೊಡ್ಡ ಸೆಟ್‌ಗಳಲ್ಲೂ ಅದೇ. ನೀರಿದ್ದ ಕಡೆ ವೈರು, ಸ್ವಿಚ್ ಬೋರ್ಡ್ ಎಳೆಯಬೇಡಿ, ಬ್ಯಾಟರಿ ಲೈಟ್ ಮಾತ್ರ. ಇದರಲ್ಲಿ ಹುಡುಗಾಟ ಬೇಡ.

ಜನವರಿಯಲ್ಲಿ ನಿಮ್ಮ ಕಡೆ ಸೂರ್ಯ ಏಳುವುದೇ ಏಳು ಗಂಟೆಗೆ. ಬೆಳಕಿಂಡಿಯ ಕೋಲು ಎಷ್ಟು ಹೊತ್ತಿಗೆ ಎಲ್ಲಿ ಬೀಳುತ್ತದೆ ಅಂತ ಒಂದು ದಿನ ಮುಂಚೆ ಹೋಗಿ ಕೂತು ನೋಡಿ. ಒಬ್ಬರು ಸುಣ್ಣದ ಕಡ್ಡಿ ಹಿಡಿದು ಗಂಟೆಗೊಮ್ಮೆ ನೆಲದ ಮೇಲೆ ಗುರುತು ಹಾಕಿ. ಅದೇ ನಿಮ್ಮ ಕಾಲ್ ಶೀಟ್, ಕಂಪ್ಯೂಟರ್‌ನಲ್ಲಿ ಬರೆದದ್ದಲ್ಲ.

ಇನ್ನು ಬಾಯಿ ಕೂಡಿಸುವುದು. ಹಳೇ ಸೆಟ್‌ಗಳಲ್ಲಿ ಹಾಡು ಹಾಕುವ ಯಂತ್ರಕ್ಕೆ ನಾಗ್ರಾ ಅಂತಲೇ ಕರೆಯುತ್ತಿದ್ದರು, ಸ್ವಿಸ್ ಬ್ರ್ಯಾಂಡ್ ಹೆಸರು ಅದು. ನಿಮಗೆ ಒಂದು ಜೋರು ಸ್ಪೀಕರ್ ಸಾಕು. ಹಾಡನ್ನು ಪಲ್ಲವಿ, ಚರಣ ಅಂತ ಬೇರೆ ಬೇರೆ ಫೈಲ್ ಮಾಡಿ, ಪ್ರತಿಯೊಂದರ ಮುಂದೆ ನಾಲ್ಕು ಬೀಟ್ ಟಿಕ್ ಟಿಕ್ ಹಾಕಿ. ಇಲ್ಲದಿದ್ದರೆ ಹಾಡುವವಳಿಗೆ ಎಲ್ಲಿ ಎತ್ತಿಕೊಳ್ಳಬೇಕು ಅಂತ ತಿಳಿಯದೆ ಮೊದಲ ಅಕ್ಷರ ಪ್ರತಿ ಸಲ ತಪ್ಪುತ್ತದೆ. ಮತ್ತೆ ಅವಳು ಸುಮ್ನೆ ತುಟಿ ಆಡಿಸಬಾರದು, ಗಂಟಲು ಬಿಟ್ಟು ಹಾಡಬೇಕು, ಕತ್ತಿನ ನರ ಕಾಣದಿದ್ದರೆ ಎಂಥವರಿಗೂ ಸುಳ್ಳು ಅಂತ ಗೊತ್ತಾಗುತ್ತದೆ. ಕ್ಯಾಮೆರಾದಲ್ಲಿ ಸೌಂಡ್ ರೆಕಾರ್ಡಿಂಗ್ ಆನ್ ಇರಲಿ, ಎಡಿಟಿಂಗ್‌ನಲ್ಲಿ ಹಾಡನ್ನು ಹೊಂದಿಸಲು ಅದೇ ಆಧಾರ.

ಮೂರು ಕ್ಯಾಮೆರಾಗಳನ್ನೂ ಸೆಕೆಂಡಿಗೆ 25 ಫ್ರೇಮ್‌ಗೆ ಇಡಿ, ಶಟರ್ 1/50 ಸೆಕೆಂಡ್. ನಮ್ಮ ದೇಶದ ಕರೆಂಟು 50 ಹರ್ಟ್ಸ್, ಹೀಗಿಟ್ಟರೆ ಟ್ಯೂಬ್‌ಲೈಟ್ ಮಿಣುಕುವುದಿಲ್ಲ. ಫೋನ್‌ಗಳು ತಾವಾಗಿಯೇ 30ರಲ್ಲಿ ಇರುತ್ತವೆ, ಅದರ ಮೇಲೆ ಫ್ರೇಮ್ ರೇಟು ನಡುನಡುವೆ ಏರುಪೇರಾಗುತ್ತದೆ, ಉದ್ದದ ಟೇಕ್‌ನಲ್ಲಿ ಬಾಯಿ ನಿಧಾನಕ್ಕೆ ಜಾರುತ್ತಾ ಹೋಗುವುದು ಅದಕ್ಕೇ. ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ಆ್ಯಪ್ ಉಚಿತವಾಗಿ ಸಿಗುತ್ತದೆ, ಅದರಲ್ಲಿ 25 ಅಂತ ಗಟ್ಟಿ ಮಾಡಿಕೊಳ್ಳಬಹುದು, ನಿಮ್ಮ ಫೋನ್‌ಗೆ ಬರುತ್ತದಾ ನೋಡಿ.

ಸ್ಲೋ ಮೋಷನ್‌ನಲ್ಲಿ ಹಾಡಲೇಬೇಕು ಅನ್ನುವ ಹಟಮಾರಿಗೆ ಹೇಳಿ: 50 ಫ್ರೇಮ್‌ನಲ್ಲಿ ತೆಗೆಯಬೇಕು, ಹಾಡನ್ನು ಎರಡರಷ್ಟು ವೇಗದಲ್ಲಿ ಹಾಕಬೇಕು, ಅವಳು ಅದೇ ವೇಗಕ್ಕೆ ಬಾಯಿ ಆಡಿಸಬೇಕು, ಆಮೇಲೆ ಅರ್ಧಕ್ಕೆ ಇಳಿಸಿದಾಗ ಬಾಯಿ ಸರಿಯಾಗಿ ಕೂಡುತ್ತದೆ, ಮೈ, ಕೂದಲು, ಸೆರಗು ಮಾತ್ರ ತೇಲುತ್ತದೆ. ನಿಧಾನದ ಪದ ಆದ್ದರಿಂದ ನಿಮಗೆ ಸಾಧ್ಯ ಇದೆ. ಒಂದೇ ಒಂದು ಸಾಲಿಗೆ ಮಾಡಿ. ಹನಿಗಳನ್ನು ಮಾತ್ರ ಫೋನ್‌ನಲ್ಲಿ 120ರಲ್ಲಿ ತೆಗೆಯಿರಿ, ಬಿಸಿಲ ಬೆಳಕಲ್ಲಿ ಮಾತ್ರ, ಲೈಟ್ ಹಾಕಿದರೆ ಮಿಣುಕು ಬರುತ್ತದೆ.

---

ಚಿತ್ರಾನ್ನ_ಡಬ್ಬಿ

ನಾನು ಎರಡು ಕಿರುಚಿತ್ರಕ್ಕೆ ಪ್ರೊಡಕ್ಷನ್ ನೋಡಿಕೊಂಡವಳು. ಯಾರೂ ದುಡ್ಡಿನ ಬಗ್ಗೆ ಮಾತಾಡುತ್ತಿಲ್ಲ.

18 ಸಾವಿರದಲ್ಲಿ ಮೊದಲು ಊಟ ತೆಗೆದಿಡಿ. ಹೊಟ್ಟೆ ಹಸಿದ ಕ್ಯಾಮೆರಾದವನಿಗಿಂತ ಕೆಟ್ಟ ಪ್ರಾಣಿ ಇಲ್ಲ. ಆರು ಜನ ಅಂತ ಬರೆದಿದ್ದೀರಿ, ಗೆಳತಿಯ ಅಪ್ಪ, ಡ್ರೋನ್ ಹುಡುಗನ ಅಣ್ಣ, ಬಾಗಿಲಲ್ಲಿ ನಿಂತು ನೋಡುವ ಊರ ಹುಡುಗರು, ಎಲ್ಲ ಸೇರಿ ಹದಿನೈದು ಆಗುತ್ತದೆ, ನೋಡುತ್ತಿರಿ. ಹಳ್ಳಿಯಲ್ಲೇ ಯಾರಿಗಾದರೂ ದುಡ್ಡು ಕೊಟ್ಟು ರೊಟ್ಟಿ ಪಲ್ಯ ಮಾಡಿಸಿ, ಹೋಟೆಲ್‌ನಿಂದ ತರಿಸುವುದಕ್ಕಿಂತ ಅಗ್ಗ, ಊರವರ ಮನಸ್ಸೂ ನಿಮ್ಮ ಕಡೆ ಇರುತ್ತದೆ. ಪಕ್ಕದ ಮನೆಯ ಗಿರಣಿ, ಟ್ರ್ಯಾಕ್ಟರ್ ಸದ್ದು ನಿಲ್ಲಿಸಿ ಅಂತ ಕೇಳಬೇಕಾದಾಗ ಅದು ಉಪಯೋಗಕ್ಕೆ ಬರುತ್ತದೆ.

ಸ್ಟುಡಿಯೋಗೆ ಎಷ್ಟು ಅಂತ ಮೊದಲೇ ಕೇಳಿಕೊಳ್ಳಿ, ಗಂಟೆ ಲೆಕ್ಕವೋ ಹಾಡಿನ ಲೆಕ್ಕವೋ ಅಂತ. ನಾವು ಕೇಳದೆ ಹೋಗಿ ಟ್ಯೂನಿಂಗ್ ಮಾಡಿಕೊಳ್ಳುತ್ತಾ ಕೂತ ಹೊತ್ತಿಗೂ ದುಡ್ಡು ಕಟ್ಟಿದ್ದೇವೆ. ಎರಡು ಸಾವಿರ ಯಾರಿಗೂ ಹೇಳದೆ ಪಕ್ಕಕ್ಕಿಡಿ.

ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಪತ್ರ ಮಾಡಿಸಿಕೊಳ್ಳಿ, ಹಳ್ಳಿಯಲ್ಲಿ ಪಂಚಾಯಿತಿಯವರಿಗೆ ಒಂದು ಪ್ರತಿ ಕೊಡಿ. ಅಜ್ಜಿ ಮನೆ ಅಂದಿರಿ, ಮನೆ ಈಗ ಯಾರ ಹೆಸರಲ್ಲಿದೆ? ದೊಡ್ಡಪ್ಪ, ಚಿಕ್ಕಪ್ಪ ಅಂತ ಇದ್ದರೆ ಎಲ್ಲರಿಗೂ ಫೋನ್ ಮಾಡಿ ಹೇಳಿ. ಬೆಳಗ್ಗೆ ಶೂಟಿಂಗ್ ಶುರುವಾದ ಮೇಲೆ ಒಬ್ಬರು ಬಂದು "ನನ್ನ ಕೇಳದೆ ಬೀಗ ತೆಗೆದವರು ಯಾರು" ಅಂದರೆ ಮುಗಿಯಿತು.

ಇನ್ನೊಂದು. ಹುಡುಗಿಯರು ಎಷ್ಟು ಹೊತ್ತಿಗೆ ಮನೆ ಸೇರಬೇಕು, ಕೊನೇ ಬಸ್ ಎಷ್ಟಕ್ಕೆ ಅನ್ನುವುದನ್ನು ಕಾಲ್ ಶೀಟ್‌ನ ಮೊದಲ ಸಾಲಿಗೆ ಬರೆಯಿರಿ. ಆ ಗಂಟೆಗೆ ಪ್ಯಾಕಪ್, ಬೆಳಕು ಎಷ್ಟು ಚೆನ್ನಾಗಿದ್ದರೂ ಸರಿ.

---

ಹರಿದ_ಚಪ್ಪಲಿ

ಮೆಮೊರಿ ಕಾರ್ಡ್ ಬಗ್ಗೆ ಯಾರೂ ಹೇಳಲಿಲ್ಲ. ಸೆಕೆಂಡಿಗೆ 100 ಮೆಗಾಬಿಟ್‌ನಲ್ಲಿ ತೆಗೆದರೆ ಗಂಟೆಗೆ 45 ಜಿಬಿ. 64ರ ಕಾರ್ಡ್ ಒಂದೂವರೆ ಗಂಟೆಯೂ ಬರುವುದಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಲ್ಯಾಪ್‌ಟಾಪ್‌ಗೆ ಒಂದು, ಹಾರ್ಡ್ ಡಿಸ್ಕ್‌ಗೆ ಒಂದು, ಎರಡು ಕಡೆ ಕಾಪಿ ಆಗುವವರೆಗೆ ಕಾರ್ಡ್ ಫಾರ್ಮ್ಯಾಟ್ ಮಾಡಬಾರದು. ಈ ಕೆಲಸ ಒಬ್ಬರಿಗೇ ಕೊಡಿ, ಎಲ್ಲರೂ ಮಾಡಿದರೆ ಯಾರೂ ಮಾಡುವುದಿಲ್ಲ. ಡ್ರೋನ್ ಹುಡುಗನಿಗೇ ಕೊಡಿ, ಪಾಪ.

---

ನೀಲಿ_ಸೈಕಲ್

ಡ್ರೋನ್ ಹುಡುಗನಿಗೇ ಕೊಟ್ಟಿದ್ದೇವೆ. ಎರಡು ಡಬ್ಬಿ ಮಾಡಿ "ಖಾಲಿ", "ತುಂಬಿದೆ" ಅಂತ ಚೀಟಿ ಅಂಟಿಸಿಕೊಂಡಿದ್ದಾನೆ.

ನಿನ್ನೆ ಅಜ್ಜಿ ಮನೆಗೆ ಹೋಗಿ ಬಂದೆವು. ಚಿಕ್ಕಪ್ಪನಿಗೆ ಫೋನ್ ಮಾಡಿದ್ದು ಒಳ್ಳೆಯದಾಯಿತು. ಬೀಗದ ಕೈ ಅವರ ಹತ್ತಿರವೇ ಇತ್ತು, ಮೊದಲೇ ಕೇಳಿದ್ದಕ್ಕೆ ಖುಷಿಯಿಂದ ಕೊಟ್ಟರು. ಕಾಳಿನ ಚೀಲಗಳನ್ನು ಪಡಸಾಲೆಗೆ ಸಾಗಿಸಿದೆವು. ಬೆಳಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ನೆಲದ ಮೇಲೆ ಗುರುತು ಹಾಕುತ್ತಾ ಕೂತೆವು. ಬಿಸಿಲು ಸರಿಯಾಗಿ ನಡುಮನೆಗೆ ಬೀಳುವುದು ಹನ್ನೊಂದೂವರೆಯಿಂದ ಒಂದೂ ಕಾಲರವರೆಗೆ ಮಾತ್ರ. ಹಾಗಾಗಿ ಹನಿ ಶಾಟ್‌ಗಳೆಲ್ಲ ಎರಡೂ ದಿನ ಆ ಹೊತ್ತಿಗೆ, ಊಟ ಒಂದೂವರೆಗೆ. ಮುಖದ ಶಾಟ್‌ಗಳು ಬೆಳಗ್ಗೆ. 50 ಇದ್ದ ಪಟ್ಟಿ 38ಕ್ಕೆ ಇಳಿದಿದೆ, ಫೋಟೋ ಜೋಡಿಸಿ ನೋಡಿದಾಗ ಹನ್ನೆರಡು ಸುಮ್ನೆ ಇವೆ ಅನ್ನಿಸಿತು.

ಪೈಪ್ ಕಟ್ಟಿ ಒಂದು ಸಲ ನೀರು ಬಿಟ್ಟು ನೋಡಿದೆವು. ತಂಬಿಗೆಗೆ ಬಿದ್ದ ಮೊದಲ ಹನಿಯ ಸದ್ದು ಕೇಳಿ ಗೆಳತಿಯ ಅಪ್ಪ ಕೂತಲ್ಲೇ ದಮ್ಮಡಿ ಎತ್ತಿಕೊಂಡು ಅದಕ್ಕೆ ಸರಿಯಾಗಿ ಬಾರಿಸಲು ಶುರು ಮಾಡಿದರು. ಅದನ್ನು ಯಾರೂ ರೆಕಾರ್ಡ್ ಮಾಡಲಿಲ್ಲ.

ಸ್ಟುಡಿಯೋ ಬುಧವಾರ. ಒಂದು ಕೊನೇ ಪ್ರಶ್ನೆ. ಶೂಟಿಂಗ್ ಮುಗಿದ ಮೇಲೆ ಕುಂಬಳಕಾಯಿ ಒಡೆಯುವುದನ್ನು ಮನೆ ಒಳಗೆ ಮಾಡಬೇಕಾ, ಹೊರಗಾ?

---

ಎರಡನೇ_ಅಸಿಸ್ಟೆಂಟ್

ಹೊರಗೆ. ಮತ್ತೆ ಒಡೆದ ಮೇಲೆ ಹೋಳುಗಳನ್ನು ದಾರಿಯಿಂದ ಬದಿಗೆ ಎತ್ತಿಡಿ, ರಾತ್ರಿ ಬೈಕಿನವರು ಜಾರಿ ಬೀಳುತ್ತಾರೆ. ಆ ದಮ್ಮಡಿಯನ್ನು ಬುಧವಾರ ಸ್ಟುಡಿಯೋಗೂ ಕರೆದುಕೊಂಡು ಹೋಗಿ, ತಂಬಿಗೆ ಸಮೇತ.